ಇಳಿದರೆ ಒಳ್ಳೆಯದು

ನಮ್ಮ ಮನೆಯಲ್ಲಿ ಇಳಿಯುವುದೆಲ್ಲ ಒಳ್ಳೆಯದೇ. ಜ್ವರ ಇಳಿದರೆ ಒಳ್ಳೆಯದು, ಬಾವು ಇಳಿದರೆ ಒಳ್ಳೆಯದು, ನೂಲಿನ ಬೆಲೆ ಇಳಿದರೆ ಇನ್ನೂ ಒಳ್ಳೆಯದು. ಕೂಸಿಗೆ ಕಣ್ಣು ಬಿದ್ದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ಇಳಿಸುತ್ತಾರೆ. ಮೈಮೇಲೆ ಬಂದದ್ದು ಬಿಟ್ಟುಹೋದರೆ "ಇಳೀತು" ಎಂದು ಉಸಿರು ಬಿಡುತ್ತಾರೆ. ನಮ್ಮ ಅಜ್ಜಿಯ ಕೋಪ ಇಳಿದದ್ದನ್ನು ಮಾತ್ರ ನಾನು ಕಂಡಿಲ್ಲ. ಇಂಥ ಮನೆಗೆ ಸಕ್ಕರೆ ಕಾಯಿಲೆ ಬಂದರೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ. ನನಗೆ ಬೈಯಲು ಚೆನ್ನಾಗಿ ಬರುತ್ತದೆ, ಅಳಲು ಅಷ್ಟಾಗಿ ಬರುವುದಿಲ್ಲ. ಅದನ್ನೂ ಮೊದಲೇ ತಿಳಿದುಕೊಂಡಿರಿ.

ನಮ್ಮದು ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮುಗಳು. ಇಲ್ಲಿ ಅವನ್ನು ತರಿ ಎನ್ನುತ್ತಾರೆ. ಕರೆಂಟು ಇರುವಷ್ಟು ಹೊತ್ತೂ ಅವು ಬಡಿದುಕೊಳ್ಳುತ್ತಲೇ ಇರುತ್ತವೆ. ಅದೇ ಸದ್ದಿನಲ್ಲಿ ಬದುಕು ಸವೆಸಿದ ಅಪ್ಪ ಲಿಂಗಸಾಮಿಗೆ ಕಿವಿ ಅರ್ಧ ಹೋಗಿತ್ತು. ಮಾತಿನ ತಲೆ ಕೇಳಿಸುತ್ತಿತ್ತು, ಬಾಲ ಕೇಳಿಸುತ್ತಿರಲಿಲ್ಲ. ಮನೆಯ ಕನ್ನಡಕ್ಕೂ ಬೀದಿಯ ತಮಿಳಿಗೂ ಇರುವ ತೊಂದರೆ ಒಂದೇ: ಬೇಕು, ಬೇಡ, ಬಾರದು ಎಲ್ಲ ಬಾಲದಲ್ಲೇ ಇರುತ್ತವೆ. ಅಪ್ಪ ಆ ಬಾಲವನ್ನು ತಾನೇ ಊಹಿಸಿಕೊಂಡು, ಎಲ್ಲ ಕೇಳಿಸಿದವನಂತೆ ತಲೆಯಾಡಿಸಿ ಬರುತ್ತಿದ್ದ. ಕಿವಿ ಕೇಳುವುದಿಲ್ಲ ಎಂದು ಒಪ್ಪಿಕೊಳ್ಳಲು ಅವನಿಗೆ ಅವಮಾನ.

ನನ್ನ ಹೆಸರು ಸೌಂಡೇಶ್ವರಿ, ಮನೆಯಲ್ಲಿ ಸೌಡಿ. ನನಗೊಬ್ಬಳು ಅಕ್ಕ ಇದ್ದಳು, ಕಲಾ. ಮುದ್ದಿಗೆ ಅವ್ವ ಇಬ್ಬರನ್ನೂ "ಕಣ್ಣು" ಎನ್ನುತ್ತಿದ್ದಳು. ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸ ಅವಳದು. ನಾನು ಅವ್ವನನ್ನು "ಅವ್ವ" ಎಂದು ಕರೆದರೆ ಅವಳು "ಅವ್ವೋ" ಎಂದು ರಾಗ ಎಳೆಯುತ್ತಿದ್ದಳು. ಉಂಡು ಎಲೆ ಮಡಚುವಾಗ, ತರಿಯ ಸದ್ದನ್ನು ಮೀರಿ ಅಡುಗೆಮನೆಗೆ ಕೇಳುವಂತೆ "ತುಂಬ್ತು ಅವ್ವೋ" ಎಂದು ಕೂಗುವಳು. ಒಳಗಿನಿಂದ ಅವ್ವ "ಶೆರಿ" ಎಂದ ಮೇಲೆಯೇ ಏಳುವಳು. ಹೊಟ್ಟೆ ತುಂಬಿದ್ದಕ್ಕೂ ರಸೀದಿ ಬೇಕು ಇವಳಿಗೆ ಎಂದು ನಾನು ರೇಗಿಸುತ್ತಿದ್ದೆ.

ಎಂಬತ್ತೊಂದನೇ ಇಸವಿಯಲ್ಲಿ ಕಲಾಗೆ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ ಬರುವಂಥದ್ದಲ್ಲ, ಎಳೆಯರಿಗೆ ಬರುವ, ದಿನವೂ ಇಂಜೆಕ್ಷನ್ ಚುಚ್ಚಲೇಬೇಕಾದ ಕಾಯಿಲೆ. ಅಪ್ಪ ಅವಳನ್ನು ಸೋಮನೂರಿನ ಡಾಕ್ಟರ್ ಕಂದಸಾಮಿಯವರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ತಮಿಳಿನಲ್ಲಿ ಹೇಳಿದ್ದನ್ನು ಮನೆಗೆ ಬಂದು ನಮ್ಮ ಭಾಷೆಯಲ್ಲಿ ಒಪ್ಪಿಸಿದ: "ಸರ್ಕರೆ ಇಳೀಬೇಕಂತೆ. ತೀರಾ ಇಳೀಬೇಕಂತೆ. ಸೀ ಮುಟ್ಟಬಾರ್ದಂತೆ." ಅವ್ವ ಪೊನ್ನಮ್ಮ ಈ ಮೂರು ಮಾತನ್ನು ಮಂತ್ರದಂತೆ ಹಿಡಿದುಕೊಂಡಳು.

ಕಾತಾಲೆ, ಅಂದರೆ ಬೆಳಗ್ಗೆ, ಎದ್ದರೆ ಅವ್ವನಿಗೆ ಮೊದಲ ಕೆಲಸ ಕಲಾಳ ಮೂತ್ರ ಪರೀಕ್ಷೆ. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಕೆಲವು ಹನಿ ಮೂತ್ರ, ಅದನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ಕಾಯಿಸುವುದು. ಸಕ್ಕರೆ ಇದ್ದರೆ ನೀಲಿ ಹೋಗಿ ಹಸಿರು, ಹಳದಿ, ಬಹಳ ಇದ್ದರೆ ಇಟ್ಟಿಗೆ ಕೆಂಪು. ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುವುದು. ನೇಕಾರರ ಮನೆಯ ಹೆಂಗಸಿಗೆ ಬಣ್ಣ ನೋಡಲು ಹೇಳಿಕೊಡಬೇಕೆ? ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೀರೆಯ ಅಂಚು ನೋಡಿದಂತೆ ನೋಡುವಳು. ನೀಲಿ ಬಂದ ದಿನ ಮನೆಯಲ್ಲಿ ಹಬ್ಬ. ಆದರೆ ಆ ನೀಲಿಗೆ ಒಂದೇ ಮಾತು ಗೊತ್ತು, ಸಕ್ಕರೆ ಮೇಲಕ್ಕೆ ಹೋಗಿಲ್ಲ ಎಂಬುದು. ಎಷ್ಟು ಕೆಳಗೆ ಬಿದ್ದಿದೆ ಎಂದು ಅದು ಹೇಳುವುದಿಲ್ಲ. ಅದು ನಮಗಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಕರೆಂಟು ಹೋಗಿ ತರಿಗಳೆಲ್ಲ ನಿಂತಿದ್ದವು. ಕಲಾ ಶೆಡ್ಡಿನಿಂದ ಒಳಗೆ ಬಂದಳು. ರವಿಕೆ ತೊಯ್ದು ಬೆನ್ನಿಗೆ ಅಂಟಿತ್ತು, ಕೈ ನಡುಗುತ್ತಿತ್ತು. ಫ್ಯಾನಿಲ್ಲದೆ ಎಲ್ಲರೂ ಬೆವರುತ್ತಿದ್ದೆವು, ಹಾಗಾಗಿ ಅವಳ ಬೆವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಅವ್ವೋ, ಒಂದ್ ಚೂರು ಬೆಲ್ಲ ಕೊಡು" ಎಂದಳು.

"ಕಾತಾಲೆ ನೀಲಿ ಬಂದಿತ್ತಲ್ಲ ಕಣ್ಣು. ಇಳಿದಿರೋದ್ನ ಏನಕ್ಕೆ ಏರಿಸ್ಕೋತೀಯ" ಎಂದಳು ಅವ್ವ.

ಕಲಾ ಮತ್ತೆ ಕೇಳಿದಳು. ಬೇಡಿದಳು. ಅತ್ತಳು. ಆಮೇಲೆ ಅರ್ಥವಿಲ್ಲದ್ದೇನೇನೋ ಬೈದಳು, ಅವಳ ಬಾಯಲ್ಲಿ ಯಾವತ್ತೂ ಕೇಳದ ಬೈಗುಳ. ಅವ್ವ ಅಚ್ಚುಬೆಲ್ಲವನ್ನು ಡಬ್ಬಿ ಸಮೇತ ಬೀರುವಿನೊಳಗಿಟ್ಟು ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಲಾ ಗೋಡೆಯ ಬದಿಗೆ ಹೋಗಿ ಮಲಗಿದಳು. "ಆಸೆ ಇಳೀತು, ಮಲಗ್ಲಿ ಬಿಡು" ಎಂದಳು ಅಜ್ಜಿ. ಕರೆಂಟು ಬಂತು, ತರಿಗಳು ಓಡಿದವು, ನಾವೆಲ್ಲ ಕೆಲಸಕ್ಕೆ ಹೋದೆವು. ದೀಪ ಹಚ್ಚುವ ಹೊತ್ತಿಗೆ ಎಬ್ಬಿಸಿದರೆ ಅವಳು ಏಳಲಿಲ್ಲ. ಕೊಯಮತ್ತೂರಿಗೆ ಒಯ್ಯುವ ದಾರಿಯಲ್ಲಿ, ಕಾರಿನಲ್ಲೇ, ಅವ್ವನ ತೊಡೆಯ ಮೇಲೆ ಸತ್ತಳು. ಸಕ್ಕರೆ ಅವಳನ್ನು ತಿಂದಿತು ಎಂದು ಊರು ಹೇಳಿತು, ನಾವೂ ಅದನ್ನೇ ಹೇಳಿದೆವು.

ಅವತ್ತಿನಿಂದ ಅವ್ವ ಬೆಲ್ಲ ಬಾಯಿಗೆ ಹಾಕಲಿಲ್ಲ. ಮನೆಗೆ ತರಲೂ ಬಿಡಲಿಲ್ಲ. ವರ್ಷಕ್ಕೊಮ್ಮೆ ಕಲಾಳ ತಿಥಿಗೆ ಎಡೆ ಇಡುವಾಗ ಅವಳಿಗೆ ಇಷ್ಟವಾದದ್ದನ್ನೆಲ್ಲ ಮಾಡುತ್ತಿದ್ದಳು. ಇಡ್ಲಿ, ತಕ್ಕಾಳಿ ಚಟ್ನಿ, ವಡೆ. ಅಕ್ಕನಿಗೆ ಎಲ್ಲಕ್ಕಿಂತ ಇಷ್ಟ ಒಬ್ಬಟ್ಟು. ಅದನ್ನೂ ಮಾಡುತ್ತಿದ್ದಳು, ಬೆಲ್ಲದ ಬದಲು ಉಪ್ಪು ಹಾಕಿ. ಸತ್ತ ಮೇಲೂ ಪಥ್ಯ ಬಿಡಿಸದ ತಾಯಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮಾಳಿಗೆಯ ಮೇಲಿಟ್ಟರೆ ಕಾಗೆ ಕೂಡ ಮೂಸಿ ಹೋಗುತ್ತಿತ್ತು.

ಅಜ್ಜಿ ಜಾನಕಿಯಮ್ಮ ಬಿಡುವವಳಲ್ಲ. "ಸತ್ತೋಳಿಗೆ ಏನ್ ಸರ್ಕರೆ ಪೊನ್ನಾ? ಸೀ ಹಾಕು" ಎಂದಳು ಒಮ್ಮೆ.

"ಇದ್ದಾಗ ಕೊಡ್ದೆ ಇದ್ದದ್ನ ಈಗ ಕೊಟ್ರೆ, ಆವತ್ತು ಏನಕ್ಕೆ ಕೊಡ್ಲಿಲ್ಲ ಅಂತ ಕೇಳಲ್ವಾ ಅತ್ತೆ ಅವಳು?" ಎಂದಳು ಅವ್ವ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಎಂಬತ್ತೈದರಲ್ಲಿ ಕಾಯಿಲೆ ನನ್ನ ಹತ್ತಿರವೂ ಬಂತು. ಮೊದಲು ಬಾಯಾರಿಕೆ. ಬಿಂದಿಗೆ ಎತ್ತಿ ಕುಡಿದರೂ ತಣಿಯದು. ರಕ್ತದಲ್ಲಿ ಹೆಚ್ಚಾದ ಸಕ್ಕರೆಯನ್ನು ಮೈ ನೀರು ಹಾಕಿ ಹೊರಗೆ ತೊಳೆಯುತ್ತದಂತೆ. ತೊಳೆದಷ್ಟೂ ಮತ್ತೆ ನೀರು ಬೇಕು. ನಾನು ಯಾರಿಗೂ ಹೇಳಲಿಲ್ಲ. ಬಚ್ಚಲಿಗೆ ಇರುವೆ ಸಾಲುಗಟ್ಟಿ ಬಂದದ್ದನ್ನು ಕಂಡು ಅವ್ವನೇ ತಿಳಿದುಕೊಂಡಳು. ಕೈಯಲ್ಲಿ ಪೊರಕೆ ಹಿಡಿದು ಆ ಇರುವೆಗಳ ಮುಂದೆಯೇ ಕುಸಿದು ಕೂತಳು. ಮತ್ತೆ ಅದೇ ಸೋಮನೂರು, ಅದೇ ಡಾಕ್ಟರು, ಅದೇ ಅಪ್ಪ, ಅವೇ ಮೂರು ಮಾತು. ನಾನು ಆಗ ನಿಲ್ಲಲೂ ಆಗದಷ್ಟು ಸೋತಿದ್ದೆ, ಏನನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಡಕೆಯ ತಣ್ಣೀರಿನಲ್ಲಿ ಔಷಧಿಯ ಪುಟ್ಟ ಬಾಟಲಿ ತೇಲುತ್ತಿತ್ತು. ಗಾಜಿನ ಸಿರಿಂಜನ್ನು ಕುದಿಸಿ ಬೆಳಗ್ಗೆ ಒಂದು ಊಸಿ ಹಾಕಿಕೊಂಡರೆ ದಿನವಿಡೀ ಅದು ಸಕ್ಕರೆ ಇಳಿಸುತ್ತಿತ್ತು. ಕೊಳವೆ ಮತ್ತೆ ಕಿಟಕಿಗೆ ಏರಿತು. ನೀಲಿ, ನೀಲಿ, ಮತ್ತೆ ನೀಲಿ. ಅವ್ವ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಳು, ಒಂದು ಬಾಳೆಹಣ್ಣನ್ನೂ ಹತ್ತಿರ ಸುಳಿಯಗೊಡಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ತರಿ ನಿಂತ ಮೇಲೆ ನಮ್ಮ ಮನೆಯಲ್ಲಿ ಆಗುವ ಮೌನ ಬೇರೆಯವರಿಗೆ ತಿಳಿಯದು; ಕಿವಿ ತಾನೇ ಏನನ್ನೋ ಹುಡುಕತೊಡಗುತ್ತದೆ. ನನ್ನ ತುಟಿಯ ಸುತ್ತ ಜುಮ್ಮೆಂದಿತು. ಎದೆ ಬಡಿದುಕೊಂಡಿತು. ಎಂಥದೋ ಹಸಿವು, ಹೊಟ್ಟೆಯದಲ್ಲ, ಇಡೀ ಮೈಯದು. ನನಗೆ ನೆನಪಿರುವುದು ಅಷ್ಟೆ.

ಉಳಿದದ್ದು ಮನೆಯವರು ಹೇಳಿದ್ದು. ನಾನು ಬೆವರಿನಲ್ಲಿ ಮಿಂದು, ಕಣ್ಣು ಎಲ್ಲೋ ನೆಟ್ಟು, ಗೋಡೆಯ ಬದಿಗೆ ಹೋಗಿ, ಕಲಾ ಮಲಗಿದ್ದಲ್ಲೇ ಕೂತೆನಂತೆ. "ಅವ್ವೋ, ಒಂದ್ ಚೂರು ಬೆಲ್ಲ ಕೊಡು" ಎಂದೆನಂತೆ. ಅವ್ವ ಎಂದಲ್ಲ, ಅವ್ವೋ ಎಂದು, ರಾಗ ಎಳೆದು. ಅವ್ವ ಸೊಂಟದ ಕೀಲಿಕೈಯನ್ನು ಬಿಗಿಯಾಗಿ ಹಿಡಿದು ಬಾಗಿಲಿನಲ್ಲೇ ನಿಂತುಬಿಟ್ಟಳಂತೆ. ಅಜ್ಜಿ ನನ್ನ ದವಡೆ ಹಿಡಿದು ಗಂಜಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ನಾನು ನಾನಾದೆ.

"ಕಲಾ ಬಂದವ್ಳೆ" ಎಂದಳು ಅಜ್ಜಿ. "ಆಸೆ ಇಟ್ಕೊಂಡು ಹೋದೋಳು, ಬರ್ದೆ ಇರ್ತಾಳಾ?"

ಆಮೇಲೆ ಹೀಗೆ ಮತ್ತೆ ಮತ್ತೆ ಆಯಿತು. ಪ್ರತಿ ಸಲವೂ ಮಧ್ಯಾಹ್ನದ ಊಟಕ್ಕೆ ಮುಂಚೆ, ಪ್ರತಿ ಸಲವೂ ಅವೇ ಮಾತು. ನನಗಾದ ಭಯವನ್ನು ಹೇಳಲೇಬೇಕು. ನಿಮ್ಮ ಬಾಯನ್ನು ಬೇರೆಯವರು ಎರವಲು ತೆಗೆದುಕೊಂಡು ಹೋಗಿ, ಒದ್ದೆ ಮಾಡಿ, ನಡುಗಿಸಿ ವಾಪಸು ತಂದಿಟ್ಟರೆ ಹೇಗಿರುತ್ತದೆ? ಕನ್ನಡಿ ನೋಡಲು ಹೆದರಿದೆ. ಅಕ್ಕನ ಮೇಲೆ ಸಿಟ್ಟು ಬಂತು. ಬದುಕಿದ್ದಾಗ ನನ್ನ ದಾವಣಿ ಉಟ್ಟುಕೊಂಡು ಹೋಗುತ್ತಿದ್ದಳು, ಈಗ ನನ್ನನ್ನೇ ಉಟ್ಟುಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಅಜ್ಜಿ ಕೋಡಾಂಗಿ ಮೈಲ್‌ಸಾಮಿಯನ್ನು ಕರೆಸಿದಳು. ಉಡುಕ್ಕೆ ಎಂಬ ಸಣ್ಣ ಡಮರು ಬಾರಿಸಿ ಪೇಯಿಯನ್ನು, ಅಂದರೆ ದೆವ್ವವನ್ನು, ಬಿಡಿಸುವವನಿಗೆ ಇಲ್ಲಿ ಕೋಡಾಂಗಿ ಎನ್ನುತ್ತಾರೆ. ಅಮಾವಾಸ್ಯೆಯ ದಿನ, ಬೆಳಗಿನಿಂದ ಹೊಟ್ಟೆ ಖಾಲಿ ಇರಬೇಕು ಎಂದು ಹೇಳಿ ಕಳಿಸಿದ್ದ. ಊಸಿ ಬಿಟ್ಟರೆ ಡಾಕ್ಟರು ಬೈಯುತ್ತಾರೆ ಎಂದು ಅವ್ವ ಊಸಿ ಹಾಕಿಸಿದಳು; ಊಟ ಕೊಟ್ಟರೆ ಮೈಲ್‌ಸಾಮಿ ಬೈಯುತ್ತಾನೆ ಎಂದು ಊಟ ಬಿಡಿಸಿದಳು. ಇಬ್ಬರ ಮಾತನ್ನೂ ನಡೆಸಿದಳು, ಪಾಪ. ಇದಕ್ಕಿಂತ ಚೆನ್ನಾಗಿ ನನ್ನನ್ನು ಕೊಲ್ಲುವ ಉಪಾಯ ಯಾರಿಗೂ ಹೊಳೆಯುತ್ತಿರಲಿಲ್ಲ.

ಅವನು ಉಡುಕ್ಕೆ ಎತ್ತುವುದಕ್ಕೆ ಮುಂಚೆಯೇ ನಾನು ನಡುಗುತ್ತಿದ್ದೆ. ತನ್ನ ಶಕ್ತಿಯೇ ಎಂದು ಅವನಿಗೆ ಖುಷಿಯಾಗಿರಬೇಕು. "ಯಾರ್ ನೀ?" ಎಂದು ತಮಿಳಿನಲ್ಲಿ ಕೇಳಿದ. ನಾನು "ಕಲಾ" ಎಂದೆನಂತೆ. "ಎನ್ನ ವೇಣುಂ?" ಎಂದ. "ಬೆಲ್ಲ" ಎಂದೆನಂತೆ. ಅದೇ ಕೊನೆ. ಆಮೇಲೆ ಏನು ಕೇಳಿದರೂ ಬಾಯಿಂದ ಮಾತು ಬರಲಿಲ್ಲ. ತಲೆ ಎದೆಯ ಮೇಲೆ ಜೋತುಬಿತ್ತು.

"ಕೇಳಿದ್ದನ್ನು ಕೊಡಿ, ಇಲ್ಲದಿದ್ದರೆ ಇವಳನ್ನೂ ಕರೆದುಕೊಂಡು ಹೋಗುತ್ತದೆ" ಎಂದ ಮೈಲ್‌ಸಾಮಿ.

"ಕೊಟ್ರೆ ಇವಳು ಸಾಯ್ತಾಳೆ" ಎಂದಳು ಅವ್ವ.

"ಕೊಡ್ದಿದ್ರೂ ಸಾಯ್ತಾಳೆ. ಅವಳ ಕಣ್ಣು ನೋಡು ಪೊನ್ನಾ" ಎಂದಳು ಅಜ್ಜಿ.

ಅವ್ವ ಎದ್ದು ಬೀರು ತೆಗೆದಳು. ನಮ್ಮ ಮನೆಯಲ್ಲಿ ಬೆಲ್ಲವೇ ಇಲ್ಲ ಎಂದುಕೊಂಡಿದ್ದೆವು. ಇತ್ತು. ಕಲಾ ಕೇಳಿದ ಅದೇ ಬೆಲ್ಲ, ಅದೇ ಡಬ್ಬಿಯಲ್ಲಿ, ಕಪ್ಪಾಗಿ ಕಲ್ಲಾಗಿ ಕೂತಿತ್ತು. ಬಿಸಾಡಲೂ ಕೈ ಬಂದಿರಲಿಲ್ಲ, ನೋಡಲೂ ಕಣ್ಣು ಬಂದಿರಲಿಲ್ಲ. ಅವ್ವ ಅದನ್ನು ಒರಳಿಗೆ ಹಾಕಿ ಕುಟ್ಟಿ, ಪುಡಿಯನ್ನು ನನ್ನ ತುಟಿ ಬಿಡಿಸಿ ಒಸಡಿಗೆ ತಿಕ್ಕಿದಳು. ತಿಕ್ಕುತ್ತಾ ಹೇಳಿದಳಂತೆ: "ಇದು ಸೌಡಿಗಲ್ಲ. ಕಲಾಗೆ. ತಿನ್ನು ಕಣ್ಣು."

ನನಗೆ ಮೊದಲು ತಿಳಿದದ್ದು ಸಿಹಿ. ಆಮೇಲೆ ಬೆಳಕು. ಆಮೇಲೆ ಅವ್ವನ ಮುಖ, ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನೊಳಗೆ ಇನ್ಯಾರನ್ನೋ ನೋಡುತ್ತಿದ್ದಳು.

"ತುಂಬ್ತಾ?" ಎಂದು ಕೇಳಿದಳು.

"ಏನು ತುಂಬ್ತಾ? ಏನಕ್ಕೆ ಅಳ್ತಿದ್ದೀಯ ಅವ್ವ?" ಎಂದೆ ನಾನು.

ಅವಳ ಮುಖ ಬಾಡಿಹೋಯಿತು. ಮೈಲ್‌ಸಾಮಿ ಉಡುಕ್ಕೆ ಕೆಳಗಿಟ್ಟು ಪೇಯಿ ಇಳಿಯಿತು ಎಂದು ಸಾರಿದ. ಅಜ್ಜಿ ಅವನಿಗೆ ಎಲೆ ಹಾಕಿ ಊಟ ಬಡಿಸಿದಳು.

ಮರುವಾರ ಔಷಧಿ ತರಲು ನಾನೇ ಸೋಮನೂರಿಗೆ ಹೋದೆ. ನಡೆದದ್ದನ್ನು ನಗೆಚಾಟಿಕೆಯಂತೆ ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ರಕ್ತದ ಸಕ್ಕರೆ ಏರಲೂಬಾರದು, ಇಳಿಯಲೂಬಾರದು. ತರಿಯ ಹಿಂದೆ ಹಾಸುನೂಲಿನ ಬಿಗಿಗೆ ತೂಕ ಕಟ್ಟುತ್ತೇವಲ್ಲ, ಹಾಗೆ: ಹೆಚ್ಚಾದರೆ ಎಳೆ ಹರಿಯುತ್ತದೆ, ಕಮ್ಮಿಯಾದರೆ ಸಿಕ್ಕಾಗುತ್ತದೆ. ಒಳ್ಳೆಯ ಮೈಯಲ್ಲಿ ಹೊಟ್ಟೆಯ ಹಿಂದಿನ ಒಂದು ಗ್ರಂಥಿ ಆ ತೂಕವನ್ನು ಕ್ಷಣಕ್ಷಣಕ್ಕೂ ತಾನೇ ಸರಿ ಮಾಡುತ್ತಿರುತ್ತದೆ. ನನ್ನ ಗ್ರಂಥಿ ಸತ್ತಿದೆ. ಅದರ ಬದಲು ಚುಚ್ಚಿಕೊಳ್ಳುವ ಊಸಿಗೆ ಇಳಿಸುವುದೊಂದೇ ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಸಕ್ಕರೆ ಬೀಳುತ್ತದೆ. ಆಗ ಮೈ ಹೆದರಿ ಕೂಗಿಕೊಳ್ಳುತ್ತದೆ. ಬೆವರು, ನಡುಕ, ಎದೆಬಡಿತ, ಹಸಿವು ಎಲ್ಲ ಆ ಕೂಗೇ. ಯಕೃತ್ತನ್ನು ಹಿಂಡಿ, ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಲು ನೋಡುತ್ತದೆ. ಅದೂ ಸಾಲದಿದ್ದರೆ ಮಿದುಳಿಗೆ ಊಟವಿಲ್ಲ. ಬಾಯಿ ಏನೇನೋ ಆಡುತ್ತದೆ, ಆಮೇಲೆ ನಿದ್ದೆ ಬರುತ್ತದೆ. ಆ ನಿದ್ದೆಗೆ ಬಿಡಬಾರದು. ಒಂದು ಚೂರು ಬೆಲ್ಲ ಸಾಕು.

"ನಿಮ್ಮಪ್ಪನಿಗೆ ಎರಡು ಸಲವೂ ಹೇಳಿದ್ದೆನಮ್ಮ" ಎಂದರು. "ಸಕ್ಕರೆ ಇಳಿಯಬೇಕು, ಆದರೆ ತೀರಾ ಇಳಿಯಬಾರದು ಅಂತ. ಅವರು ಚೆನ್ನಾಗಿ ತಲೆಯಾಡಿಸಿದರು."

ಬಸ್ಸಿನಲ್ಲಿ ಬರುವಾಗ ಕಿಟಕಿಯ ಸರಳನ್ನು ಹಿಡಿದು ಕೂತಿದ್ದೆ. ಬೇಕು, ಬಾರದು. ಒಂದು ಮಾತಿನ ಬಾಲ ಅಪ್ಪನ ಕಿವಿಗೆ ಸಿಗದೆ ಅಕ್ಕ ಹೋಗಿದ್ದಳು. ಅವಳನ್ನು ಸಕ್ಕರೆ ತಿಂದಿರಲಿಲ್ಲ. ಸಕ್ಕರೆ ಇಲ್ಲದೆ ಸತ್ತಿದ್ದಳು. ಬೀರುವಿನೊಳಗೆ ಬೆಲ್ಲ ಇದ್ದ ಹಾಗೆಯೇ ಸತ್ತಿದ್ದಳು. ಇದನ್ನು ಅವ್ವನಿಗೆ ಹೇಗೆ ಹೇಳುವುದು? ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಹೇಳದಿದ್ದರೆ ಮುಂದಿನ ಸಲ ನಾನು ಉಳಿಯುವುದಿಲ್ಲ. ಹೇಳಿದರೆ ಅವ್ವ ಉಳಿಯುವುದಿಲ್ಲ.

ಕೊನೆಗೆ ನಾನೊಂದು ದಾರಿ ಕಂಡುಕೊಂಡೆ. "ಅಕ್ಕ ಇನ್ನೂ ಬಂದ್ರೂ ಬರ್ಬಹುದು ಅವ್ವ. ಬೆಲ್ಲ ಕೈಗೆ ಸಿಗೋ ಹಂಗೆ ಇಟ್ಕೋ. ಬಂದ್ರೆ ತಡ ಮಾಡ್ದೆ ಕೊಡು" ಎಂದೆ. ಅವ್ವ ಒಂದು ತುಂಡು ಬೆಲ್ಲವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಪೇಯಿ ಉಳಿದರೂ ಪರವಾಗಿಲ್ಲ, ನಾನು ಉಳಿದರೆ ಸಾಕು ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೆ ಮಧ್ಯಾಹ್ನದ ಅನ್ನ ತಡವಾಗತೊಡಗಿತು. ಒಂದು ದಿನ ಸೌದೆ ಹಸಿ ಎಂದಳು ಅವ್ವ. ಇನ್ನೊಂದು ದಿನ ಅಕ್ಕಿಯಲ್ಲಿ ಕಲ್ಲು ಎಂದಳು. "ಕೊಂಜ ಇರು ಕಣ್ಣು, ಆಯ್ತು" ಎನ್ನುವಳು, ಆಗುತ್ತಿರಲಿಲ್ಲ. ಆ ಹೊತ್ತಿನಲ್ಲೆಲ್ಲ ಬಾಗಿಲಿಗೆ ಒರಗಿ ನನ್ನ ಹಣೆಯನ್ನೇ ನೋಡುತ್ತಿದ್ದಳು, ಬೆವರು ಮೂಡಿತೇ ಎಂದು. ಕೈ ಸೆರಗಿನ ಗಂಟಿನ ಮೇಲೆ. ನನಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಅವ್ವ ಅನ್ನ ಬೇಯಿಸುತ್ತಿರಲಿಲ್ಲ, ಮಗಳನ್ನು ಕಾಯುತ್ತಿದ್ದಳು. ನನ್ನನ್ನಲ್ಲ, ಇನ್ನೊಬ್ಬಳನ್ನು.

ಒಂದು ದಿನ ಕರೆಂಟು ಹೋಗಿ ತರಿ ನಿಂತಿತು. ನಾನು ಅಡುಗೆಮನೆಗೆ ಹೋದೆ. ಒಲೆ ತಣ್ಣಗಿತ್ತು. ಅಕ್ಕಿ ಮೊರದಲ್ಲೇ ಇತ್ತು. ಅವ್ವ ಅದರ ಮುಂದೆ ಸುಮ್ಮನೆ ಕೂತಿದ್ದಳು. ನನ್ನ ಸಿಟ್ಟು ಕಟ್ಟೆಯೊಡೆಯಿತು.

"ಅವಳು ಬರಲ್ಲ ಅವ್ವ. ಬರ್ತಿದ್ದದ್ದು ಅವಳಲ್ಲ. ನನ್ನ ಸರ್ಕರೆ ಇಳೀತದೆ, ಅಷ್ಟೇ. ತೀರಾ ಇಳೀಬಾರದು ಅಂದಿದ್ರಂತೆ ಡಾಕ್ಟರು. ಅಪ್ಪನಿಗೆ ಇಳೀಬೇಕು ಅಂತ ಕೇಳಿಸ್ತು. ಬೆಲ್ಲ ಕೊಟ್ರೆ ಏರ್ತದೆ. ಪೇಯಿನೂ ಇಲ್ಲ, ಎಂಥದೂ ಇಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವ್ವ ಚೀರಲಿಲ್ಲ. ಮೊರದಲ್ಲಿ ಒಂದು ಕಲ್ಲು ಸಿಕ್ಕಿತು, ಅದನ್ನು ಆಚೆ ಹಾಕಿದಳು.

"ಗೊತ್ತು" ಎಂದಳು.

"ಯಾವಾಗ್ಲಿಂದ?"

"ಬೆಲ್ಲ ತಿಂದು ನೀನು ಎದ್ದು ಕೂತ್ಯಲ್ಲ, ಆಗ್ಲಿಂದ. ಪೇಯಿ ಹೋಗ್ಬೇಕಾದ್ರೆ ಕೋಳಿ ಕೇಳ್ತದೆ, ಮುಡಿ ಕೇಳ್ತದೆ, ಆಟ ಆಡಿಸ್ತದೆ. ನೀನು ನಾಕು ಮಾತು ಆಡೋದ್ರೊಳಗೆ ಸರಿಯಾಗ್ಬಿಟ್ಟೆ. ಅಷ್ಟೇ ಬೆಲ್ಲ ಸಾಕಾಗಿತ್ತು ಅವಳಿಗೂ. ಅಷ್ಟು ತಿಳಿಯಲ್ವಾ ನನಗೆ?"

"ಗೊತ್ತಿದ್ದೂ ಅನ್ನ ಏನಕ್ಕೆ ತಡ ಮಾಡ್ತೀಯ? ನಾನು ಸಾಯ್ಲಿ ಅಂತಲಾ?"

"ನಿನ್ನ ಬಿಡ್ತಿದ್ನಾ ನಾನು? ಬೆಲ್ಲ ಕೈಯಲ್ಲೇ ಅದೆ." ಅವ್ವ ಸೆರಗಿನ ಗಂಟು ತೋರಿಸಿದಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು: "ಅವತ್ತು ತಿಂದ್ಮೇಲೆ ತುಂಬ್ತು ಅನ್ಲಿಲ್ಲ ಅವಳು."

"ತಿಂದದ್ದು ನಾನು ಅವ್ವ."

"ಅದೂ ಗೊತ್ತು. ಆದ್ರೂ ಒಂದ್ ಸಲ ಅಂದಿದ್ರೆ ಸಾಕಿತ್ತು."

ನನಗೆ ಅವಳನ್ನು ಹೊಡೆಯಬೇಕು ಎನಿಸಿತು, ಅಪ್ಪಿಕೊಳ್ಳಬೇಕೂ ಎನಿಸಿತು. ಎರಡಕ್ಕೂ ಕೈ ಏಳಲಿಲ್ಲ. ಕೈ ನಡುಗುತ್ತಿತ್ತು. ತುಟಿಯ ಸುತ್ತ ಜುಮ್ಮೆನ್ನುತ್ತಿತ್ತು. ಊಸಿ ಹಾಕಿಕೊಂಡು ಬಹಳ ಹೊತ್ತಾಗಿತ್ತು, ಅನ್ನ ಇನ್ನೂ ಮೊರದಲ್ಲಿತ್ತು. ಗೋಡೆ ಹಿಡಿಯಲು ಹೋಗಿ ಜಾರಿದೆ. ಅವ್ವ ಮೊರ ಚೆಲ್ಲಿ ಎದ್ದು ಬಂದದ್ದು ಕಂಡಿತು. ಹಲ್ಲಿನಿಂದ ಗಂಟು ಬಿಚ್ಚಿದ್ದು ಕಂಡಿತು. ಈ ಸಲ ಅವಳು "ಸೌಡಿ, ತಿನ್ನು" ಎಂದಳು. ಅಲ್ಲಿಗೆ ಕತ್ತಲು.

ಸಿಹಿ ಬಂತು. ಬೆಳಕು ಬಂತು. ನಾನು ಅವ್ವನ ತೊಡೆಯ ಮೇಲಿದ್ದೆ. ಅಟ್ಟದ ತೊಲೆ, ಒಲೆಯ ಹಿಂದಿನ ಮಸಿ, ನೆಲದ ತುಂಬ ಅಕ್ಕಿ, ಒಂದೊಂದಾಗಿ ಎಲ್ಲ ತಮ್ಮ ಜಾಗಕ್ಕೆ ಬಂದವು. ನನ್ನ ಹೆಸರು ಗೊತ್ತಿತ್ತು. ಅವತ್ತು ಯಾವ ವಾರ ಎಂಬುದೂ ಗೊತ್ತಿತ್ತು. ಕೈಯ ನಡುಕ ನಿಂತಿತ್ತು. ಅವ್ವ ಸೆರಗಿನಿಂದ ನನ್ನ ಕುತ್ತಿಗೆಯ ಬೆವರು ಒರೆಸುತ್ತಿದ್ದಳು. ತುಂಬ್ತಾ ಎಂದು ಕೇಳಲಿಲ್ಲ. ಇನ್ನು ಯಾವತ್ತೂ ಕೇಳುವುದಿಲ್ಲ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ಆಗ ನಾನೊಂದು ನಿಶ್ಚಯ ಮಾಡಿದೆ. ಒಂದು ಸುಳ್ಳು ತಾನೆ, ಹೇಳಿಬಿಡೋಣ ಎಂದುಕೊಂಡೆ. ಅಕ್ಕನ ರಾಗವೇ ಎಳೆದು "ತುಂಬ್ತು ಅವ್ವೋ" ಎಂದೆ.

ಅವ್ವನ ಕೈ ನಿಂತಿತು. ಸುಳ್ಳು ಎಂದು ಅವಳಿಗೆ ಗೊತ್ತಾಗಿತ್ತು. ಆದರೂ "ಶೆರಿ" ಎಂದಳು, ಮೆಲ್ಲಗೆ. ನಾನು ಹೇಳಬೇಕೆಂದುಕೊಂಡದ್ದು ಅಷ್ಟೇ. ಬಾಯಿ ಮುಚ್ಚಬೇಕಿತ್ತು, ಮುಚ್ಚಲಿಲ್ಲ.

"ನೀನು ತಿಂದ್ಯಾ?" ಎಂದೆ.

ಅವ್ವ ನನ್ನನ್ನು ನೋಡಿದಳು. ಆಮೇಲೆ ಸೆರಗಿನ ಗಂಟಿನಲ್ಲಿ ಉಳಿದಿದ್ದ ಬೆಲ್ಲದ ಚೂರನ್ನು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಅಗಿಯಲಿಲ್ಲ, ಹಾಗೇ ಇಟ್ಟುಕೊಂಡು ಅತ್ತಳು. ಕರೆಂಟು ಬಂದು ತರಿಗಳು ಬಡಿಯತೊಡಗಿದವು. ಅವ್ವ ಎದ್ದು ನೆಲದ ಅಕ್ಕಿ ಗುಡಿಸಿ, ಒಲೆ ಹಚ್ಚಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅನ್ನ ತಡವಾಗಿಲ್ಲ.

ನಾನು ಅವತ್ತು ಕೇಳಿದ್ದು ಕಲಾ ದಿನವೂ ಕೇಳುತ್ತಿದ್ದ ಮಾತು ಎಂದು ಅವ್ವ ಎಷ್ಟೋ ದಿನಗಳ ಮೇಲೆ ಹೇಳಿದಳು. ತುಂಬ್ತು ಎಂದು ಊರಿಗೆಲ್ಲ ಕೇಳುವಂತೆ ಕೂಗಿ, ಕೈತೊಳೆಯಲು ಅಡುಗೆಮನೆಗೆ ಬಂದಾಗ ಅವ್ವನ ಕಿವಿಯ ಹತ್ತಿರ ಕೇಳುತ್ತಿದ್ದಳಂತೆ, ನೀನು ತಿಂದ್ಯಾ ಎಂದು. ತರಿಯ ಸದ್ದಿನಲ್ಲಿ ನಾವಾರೂ ಅದನ್ನು ಕೇಳಿರಲಿಲ್ಲ. ಸಕ್ಕರೆ ಇಳಿದಾಗ ಬಾಯಿ ಏನೇನೋ ಆಡುತ್ತದೆ ಎಂದು ಡಾಕ್ಟರು ಹೇಳಿದ್ದು ನಿಜ. ಆದರೆ ನಾನು ಹಾಗೆ ಕೇಳುವ ಹೊತ್ತಿಗೆ ನನ್ನ ಸಕ್ಕರೆ ಆಗಲೇ ಏರಿತ್ತು.